ಪುಟ ಕ್ಯಾಶ್ ಹಾಕಿದ ಮೇಲೆ ಅಡಿಕೆ ದರದ ಪಟ್ಟಿ ಖಾಲಿ ಬರುತ್ತಿದೆ

ತೀರ್ಥಹಳ್ಳಿ ತೋಟ:
ನಮ್ಮದು ಅಡಿಕೆ ದರ ತೋರಿಸುವ ಸಣ್ಣ ವರ್ಡ್‌ಪ್ರೆಸ್ ಸೈಟು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ರಾಶಿ, ಬೆಟ್ಟೆ, ಸರಕು, ಗೊರಬಲು (ಅಡಿಕೆಯ ಬಗೆಗಳು) ದರ ಹಾಕುತ್ತೇವೆ. ದರ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ತೆರೆಯುತ್ತಾರೆ, ಸರ್ವರ್ ತಡೆಯುತ್ತಿರಲಿಲ್ಲ. ಅದಕ್ಕೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರಿನಲ್ಲಿ ಫಾಸ್ಟ್‌ಸಿಜಿಐ ಕ್ಯಾಶ್ (ಒಮ್ಮೆ ತಯಾರಾದ ಪುಟದ ಪ್ರತಿ ಇಟ್ಟುಕೊಂಡು ಅದನ್ನೇ ಮತ್ತೆ ಕೊಡುವ ವ್ಯವಸ್ಥೆ) ಹಾಕಿ 7 ದಿನದ ಅವಧಿ ಕೊಟ್ಟೆವು. ಈಗ ಪುಟ ಸರ್ರನೆ ಬರುತ್ತದೆ, ದರದ ಪಟ್ಟಿ ಮಾತ್ರ ಖಾಲಿ. ಕ್ಯಾಶ್ ಅಳಿಸಿದರೆ ಸರಿಹೋಗುತ್ತದೆ, ಮಾರನೇ ದಿನ ಮತ್ತೆ ಅದೇ ಕಥೆ. ನಾನು ಲಾಗಿನ್ ಆಗಿ ನೋಡಿದರೆ ಎಲ್ಲ ಸರಿ! ದರ ಬರುವುದು ಅಡ್ಮಿನ್-ಅಜಾಕ್ಸ್‌ಗೆ (ಪುಟದ ಹಿನ್ನೆಲೆ ಕೋರಿಕೆ ತೆಗೆದುಕೊಳ್ಳುವ ವರ್ಡ್‌ಪ್ರೆಸ್ ವಿಳಾಸ) ಕಳಿಸುವ ಪೋಸ್ಟ್ ಕೋರಿಕೆ ಮೂಲಕ.

ಜೋಗದ ದಾರಿ:
ಲಾಗಿನ್ ಆಗದೆ ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ನೋಡಿ. ಅಜಾಕ್ಸ್ ಕರೆಗೆ 403 (ಅನುಮತಿ ಇಲ್ಲ), ಉತ್ತರದಲ್ಲಿ ಬರೀ -1 ಇದೆಯಾ?

ತೀರ್ಥಹಳ್ಳಿ ತೋಟ:
ಹೌದು ಮಾರಾಯ್ರೆ, ಅದೇ ಇದೆ.

ಜೋಗದ ದಾರಿ:
ಹಾಗಾದರೆ ನಾನ್ಸ್, ಅಂದರೆ ಕೋರಿಕೆ ನಿಮ್ಮ ಪುಟದಿಂದಲೇ ಬಂತಾ ಎಂದು ಪರೀಕ್ಷಿಸುವ ತಾತ್ಕಾಲಿಕ ಗುರುತು, ಹಳತಾಗಿದೆ. ವರ್ಡ್‌ಪ್ರೆಸ್ ನಾನ್ಸ್ ಹೆಚ್ಚೆಂದರೆ 24 ಗಂಟೆ ನಡೆಯುತ್ತದೆ, ಕೆಲವೊಮ್ಮೆ 12 ಗಂಟೆ ದಾಟುತ್ತಿದ್ದ ಹಾಗೇ ಮುಗಿಯುತ್ತದೆ. ನಿಮ್ಮ ಪುಟ 7 ದಿನ ಕ್ಯಾಶಿನಲ್ಲಿ ಕೂತಿರುತ್ತದೆ, ಅದರೊಳಗೆ ಮೊದಲ ದಿನದ ನಾನ್ಸೇ ಇರುತ್ತದೆ. ಲಾಗಿನ್ ಆದವರಿಗೆ ಕ್ಯಾಶ್ ಬೈಪಾಸ್ ಆಗುವುದರಿಂದ ನಿಮಗೆ ತೊಂದರೆ ಕಾಣಲಿಲ್ಲ.

ತುರ್ತಿಗೆ ಅವಧಿಯನ್ನು 10 ಗಂಟೆಗೆ ಇಳಿಸಿ. ಆದರೆ ಸುಮ್ನೆ ದರ ಓದುವುದಕ್ಕೆ ನಾನ್ಸ್ ಯಾಕೆ? ಅದು ಎಲ್ಲರಿಗೂ ತೋರಿಸುವ ಮಾಹಿತಿ. ರೆಸ್ಟ್ ಎಪಿಐನಲ್ಲಿ (ಮಾಹಿತಿ ಕೊಡುವ ವರ್ಡ್‌ಪ್ರೆಸ್ ವಿಳಾಸಗಳು) ಒಂದು ಗೆಟ್ (ಬರೀ ಓದುವ ಕೋರಿಕೆ) ಮಾರ್ಗ ಮಾಡಿ, ನಾನ್ಸ್ ಕಳಿಸಲೇಬೇಡಿ. ಹಳೇ ನಾನ್ಸ್ ಕಳಿಸಿದರೆ ಅಲ್ಲೂ 403 ಬರುತ್ತದೆ.

ತೀರ್ಥಹಳ್ಳಿ ತೋಟ:
ಮಾಡಿದೆ, ಪಟ್ಟಿ ಬಂತು. ಆದರೆ ರಾಶಿಗೆ ನಿನ್ನೆಯ ದರವೇ ನಿಂತಿದೆ. ಕರ್ಲ್‌ಗೆ (ಕಮಾಂಡ್ ಬರೆದು ಸೈಟಿಗೆ ಕೋರಿಕೆ ಕಳಿಸುವ ಸಾಧನ) ದೊಡ್ಡ ಐ (-I) ಆಯ್ಕೆ ಕೊಟ್ಟು ನೋಡಿದರೆ ಮಿಸ್ (ಕ್ಯಾಶಿನಲ್ಲಿ ಇಲ್ಲ) ಅನ್ನುತ್ತದೆ. ಅಂದರೆ ಕ್ಯಾಶ್ ಅಲ್ಲ, ಅಲ್ವಾ?

ಜೋಗದ ದಾರಿ:
ಕ್ಯಾಶೇ. ಆ ಆಯ್ಕೆ ಹೆಡ್ ಕೋರಿಕೆ (ಉತ್ತರದ ಜೊತೆ ಬರುವ ವಿವರ, ಅಂದರೆ ಹೆಡರ್ ಮಾತ್ರ ಕೇಳುವುದು) ಕಳಿಸುತ್ತದೆ. ನಿಮ್ಮ ಕ್ಯಾಶ್ ಕೀಲಿಯಲ್ಲಿ (ಪ್ರತಿಯನ್ನು ಗುರುತಿಸುವ ಹೆಸರು) ರಿಕ್ವೆಸ್ಟ್ ಮೆಥಡ್ (ಕೋರಿಕೆಯ ಬಗೆ) ಇದ್ದರೆ ಹೆಡ್‌ಗೊಂದು, ಗೆಟ್‌ಗೊಂದು ಬೇರೆ ಬೇರೆ ಪ್ರತಿ ಇರುತ್ತದೆ. ಬ್ರೌಸರ್ ಕೇಳುವುದು ಗೆಟ್. ಆ ಉತ್ತರದ ಹೆಡರ್ ನೋಡಿ, ಹಿಟ್ (ಕ್ಯಾಶಿನಿಂದಲೇ ಬಂತು) ಇರುತ್ತದೆ. ಮೊದಲು ಪೋಸ್ಟ್ ಇತ್ತು, ಅದನ್ನು ಎಂಜಿನ್‌ಎಕ್ಸ್ ಕ್ಯಾಶ್ ಮಾಡುತ್ತಿರಲಿಲ್ಲ. ಈಗ ಗೆಟ್ ಆದ್ದರಿಂದ ಸೈಟಿನ 7 ದಿನದ ನಿಯಮ ದರಕ್ಕೂ ಬಿತ್ತು.

ರೆಸ್ಟ್ ಉತ್ತರದ ಜೊತೆ ಎಕ್ಸ್-ಆಕ್ಸೆಲ್-ಎಕ್ಸ್‌ಪೈರ್ಸ್ ಹೆಡರಿನಲ್ಲಿ 60 ಕಳಿಸಿ. ಆ ಉತ್ತರ 60 ಸೆಕೆಂಡ್ ಮಾತ್ರ ಉಳಿಯುತ್ತದೆ, ಕಾನ್ಫಿಗ್‌ನಲ್ಲಿ ಬರೆದ ಅವಧಿಗಿಂತ ಇದರ ಮಾತೇ ನಡೆಯುತ್ತದೆ. ಜನ ಮುಗಿಬಿದ್ದಾಗಲೂ ಪಿಎಚ್‌ಪಿಗೆ (ಪುಟ ತಯಾರಿಸುವ ಭಾಗ) ಹೊರೆ ಬೀಳುವುದಿಲ್ಲ. ಒಂದು ಕಡೆ ಮಾತ್ರ ಹುಷಾರು: ಫಾಸ್ಟ್‌ಸಿಜಿಐ ಇಗ್ನೋರ್ ಹೆಡರ್ಸ್ ಸಾಲಿನಲ್ಲಿ (ಯಾವ ಹೆಡರ್ ಲೆಕ್ಕಿಸಬಾರದು ಅನ್ನುವ ಪಟ್ಟಿ) ಇದರ ಹೆಸರಿದ್ದರೆ ತೆಗೆಯಿರಿ. ಬೇರೆ ಸೈಟಿಂದ ನಕಲು ಮಾಡಿದ ಕಾನ್ಫಿಗ್‌ಗಳಲ್ಲಿ ಆ ಸಾಲು ಉದ್ದವೇ ಇರುತ್ತದೆ.

ತೀರ್ಥಹಳ್ಳಿ ತೋಟ:
ಸಾಲು ಇತ್ತು, ಹೆಸರು ತೆಗೆದೆ. ಹಳೇ ಕ್ಯಾಶ್ ಅಳಿಸಿದೆ. ಇವತ್ತಿನ ದರ ಬಂತು, ತುಂಬಾ ಉಪಕಾರ. ದರ ಬದಲಾದರೆ ಎಸ್ಸೆಮ್ಮೆಸ್ ಬೇಕು ಅನ್ನುವವರಿಗೆ ಒಂದು ಫಾರಂ ಇದೆ. ಅದರ ನಾನ್ಸೂ ತೆಗೆಯಲಾ?

ಜೋಗದ ದಾರಿ:
ಬೇಡ. ಅಲ್ಲಿ ಜನ ಮಾಹಿತಿ ಬರೆಯುತ್ತಾರೆ, ನಾನ್ಸ್ ಇರಲಿ. ಅದನ್ನು ಪುಟದೊಳಗೆ ಅಚ್ಚು ಹಾಕಬೇಡಿ. ಜನ ಫಾರಂ ಮುಟ್ಟಿದಾಗ ಅಡ್ಮಿನ್-ಅಜಾಕ್ಸ್‌ನಿಂದ ಹೊಸತು ತರಿಸಿ, ಆ ವಿಳಾಸ ಕ್ಯಾಶಿನ ಹೊರಗಿರಲಿ.