ಎಲ್‌ಕೆಜಿ: ಹನ್ನೆರಡೂವರೆಗೆ ಬಿಡುವ ಶಾಲೆಯೋ, ಮೂರೂವರೆಗೆ ಬಿಡುವ ಶಾಲೆಯೋ? (ಹಾಸನ)

ಸಾಲಗಾಮೆ ರೋಡ್ ಅಮ್ಮ:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಮನೆಯಲ್ಲಿ ಇದೇ ಮಾತು, ತಲೆ ಕೆಟ್ಟು ಹೋಗಿದೆ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಮಗಳನ್ನು ಬರುವ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಬೇಕು ಅಂತಿದ್ದೇವೆ. ಆಗ ಅವಳಿಗೆ 3 ವರ್ಷ 10 ತಿಂಗಳು. ಎರಡು ಶಾಲೆ ನೋಡಿದ್ದೇವೆ. ಒಂದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಒಂಬತ್ತೂವರೆಗೆ ಶುರು, ಹನ್ನೆರಡೂವರೆಗೆ ಬಿಡುತ್ತಾರೆ. ಇನ್ನೊಂದು ಬಿ.ಎಂ. ರೋಡಿನ ಆಚೆ. ವ್ಯಾನಿನಲ್ಲಿ ಕಳಿಸಬೇಕು, ಬಿಡುವುದು ಮೂರೂವರೆಗೆ, ಮಗು ಮನೆಗೆ ಬರುವಾಗ ನಾಲ್ಕೂಕಾಲು. ಫೀಸು ಹೆಚ್ಚುಕಡಿಮೆ ಒಂದೂವರೆ ಪಟ್ಟು, ವ್ಯಾನಿನ ದುಡ್ಡು ಬೇರೆ.

ನಾನು ಸಹಕಾರ ಸಂಘದಲ್ಲಿ ಕೆಲಸಕ್ಕೆ ಹೋಗುತ್ತೇನೆ, ಮನೆಗೆ ಬರುವುದು ಆರರ ಹತ್ತಿರ. ಮನೆಯವರು ದಿನಾ ಬಸ್ಸಿನಲ್ಲಿ ಸಕಲೇಶಪುರಕ್ಕೆ ಹೋಗಿ ಬರುತ್ತಾರೆ. ಅತ್ತೆ ಇದ್ದಾರೆ, 67 ವರ್ಷ, ಮಂಡಿ ನೋವು. "ನಾನಿಲ್ವಾ, ಅಷ್ಟು ಚಿಕ್ಕ ಕೂಸನ್ನ ಸಾಯಂಕಾಲದವರೆಗೂ ಯಾಕೆ ಕೂಡಿ ಹಾಕ್ತೀರಿ" ಅನ್ನುತ್ತಾರೆ. ಆದರೆ ನಾನು ಮನೆಗೆ ಬಂದಾಗ ಟಿವಿ ಓಡುತ್ತಿರುತ್ತದೆ, ಇವಳು ಮೊಬೈಲು ಹಿಡಿದುಕೊಂಡು ಕೂತಿರುತ್ತಾಳೆ. ಅವರನ್ನು ಏನನ್ನೋದು, ಅವರ ಕೈಲೂ ಓಡಾಡೋಕೆ ಆಗಲ್ಲ.

ಮಗಳು ಇನ್ನೂ ಮಧ್ಯಾಹ್ನ ಮಲಗುತ್ತಾಳೆ. ಮಲಗದ ದಿನ ಸಂಜೆ ಏಳರ ಮೇಲೆ ನಮ್ಮ ಮನೆ ಕಡೆ ಯಾರೂ ಬರಬೇಡಿ, ಅಷ್ಟು ರಂಪ. ಪೂರ್ತಿ ದಿನದ ಶಾಲೆಯವರು "ನಮ್ಮ ಮಕ್ಕಳಿಗೆ ಫೌಂಡೇಶನ್ ಗಟ್ಟಿ" ಅನ್ನುತ್ತಾರೆ. ಅರ್ಧ ದಿನ ಹೋದ ಮಕ್ಕಳು ಒಂದನೇ ಕ್ಲಾಸಿನಲ್ಲಿ ನಿಜವಾಗಲೂ ಹಿಂದೆ ಬೀಳುತ್ತಾರಾ? ಅನುಭವ ಇದ್ದವರು ಹೇಳಿ.

ಚಿಕ್ಕಮಗಳೂರು ಅಪ್ಪ:

ಪೂರ್ತಿ ದಿನ. ಯೋಚನೆನೇ ಬೇಡ. ನಾವಿಬ್ಬರೂ ಅಂಗಡಿಯಲ್ಲಿ ಇರುವವರು. ದೊಡ್ಡವನನ್ನು ಅರ್ಧ ದಿನದ ಶಾಲೆಗೆ ಹಾಕಿ ಒಂದು ವರ್ಷ ಪಟ್ಟ ಪಾಡು ಸಾಕು. ಹನ್ನೆರಡೂವರೆಗೆ ಒಬ್ಬರು ಅಂಗಡಿ ಬಿಟ್ಟು ಓಡಬೇಕು, ಆಮೇಲೆ ಅವನು ಗಲ್ಲಾಪೆಟ್ಟಿಗೆ ಕೆಳಗೆ ಮೊಬೈಲು ನೋಡುತ್ತಾ ಕೂರುವುದು. ಯುಕೆಜಿಗೆ ಪೂರ್ತಿ ದಿನದ ಶಾಲೆಗೆ ಹಾಕಿದೆವು. ಊಟ ಕೂಡ ಎಲ್ಲರ ಜೊತೆ ಕೂತು ತಾನೇ ಮಾಡೋದು ಕಲಿತ. ಮನೆಯಲ್ಲಿ ಅಜ್ಜಿ ಬಾಯಿಗಿಡದೆ ಒಂದು ತುತ್ತು ಇಳಿಯುತ್ತಿರಲಿಲ್ಲ. ಮೊಬೈಲ್ ಹಿಡಿದು ಕೂರುವುದಕ್ಕಿಂತ ಶಾಲೆ ಮೇಲು ಅಲ್ವಾ? ಹೇಗೂ ಜುಲೈನಲ್ಲಿ ಮಳೆ ಜೋರಾದರೆ ಡಿಸಿ ರಜೆ ಕೊಡುತ್ತಲೇ ಇರುತ್ತಾರೆ, ಆಗ ಬೇಕಾದಷ್ಟು ಮಲಗಲಿ.

ಚಾಕ್‌ಪೀಸ್:

ನಾನು 22 ವರ್ಷ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಪಾಠ ಮಾಡಿದವಳು, ಈಗ ರಿಟೈರ್ ಆಗಿದ್ದೇನೆ. ಎರಡೂ ಥರದ ಶಾಲೆಯಲ್ಲಿ ಇದ್ದೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅರ್ಧವೋ ಪೂರ್ತಿಯೋ ಅಂತ ಕೇಳುವ ಮೊದಲು, ಆ ಶಾಲೆಯಲ್ಲಿ ಊಟ ಆದಮೇಲೆ ಏನು ನಡೆಯುತ್ತದೆ ಅಂತ ಕೇಳಿ. ಬೆಳಿಗ್ಗೆ ಎಲ್ಲಾ ಶಾಲೆಯೂ ಚೆನ್ನಾಗಿಯೇ ಕಾಣುತ್ತದೆ. ಹಾಡು, ಕಥೆ, ಬಣ್ಣ, ಮಕ್ಕಳೂ ಚುರುಕು, ಮಿಸ್ಸೂ ಚುರುಕು. ಅಡ್ಮಿಶನ್‌ಗೆ ಬರುವವರಿಗೆ ಹನ್ನೊಂದು ಗಂಟೆಗೆ ಶಾಲೆ ತೋರಿಸುವುದು ಸುಮ್ನೆ ಅಲ್ಲ. ನೀವು ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಚಾಪೆ, ಜಮಖಾನ ಹಾಸಿ ಮಲಗಿಸಿದ್ದಾರಾ, ಮರಳಲ್ಲಿ ಆಡಲು ಬಿಟ್ಟಿದ್ದಾರಾ, ಅಥವಾ ಡೆಸ್ಕಿನ ಮೇಲೆ ತಲೆ ಇಟ್ಟು ತೂಕಡಿಸುವ ಮಗುವನ್ನು ಎಬ್ಬಿಸಿ ಅಆಇಈ ತಿದ್ದಿಸುತ್ತಿದ್ದಾರಾ? ಮೊದಲೆರಡು ಇದ್ದರೆ ಪೂರ್ತಿ ದಿನದ ಶಾಲೆ ಒಳ್ಳೆಯದೇ. ಮೂರನೆಯದಾದರೆ ಆ ಮೂರು ಗಂಟೆಗೆ ನೀವು ದುಡ್ಡು ಕೊಟ್ಟು ಮಗುವಿನ ನಿದ್ದೆ ಕೆಡಿಸಿದ ಹಾಗೆ. ಹೀಗೆ ತಿದ್ದಿಸುವ ಶಾಲೆಯಲ್ಲಿ ನಾನೂ ಇದ್ದೆ. ಮಧ್ಯಾಹ್ನ ಬರೆದ ಪುಟವನ್ನು ಮಾರನೇ ದಿನ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಮಕ್ಕಳು ಅದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದರು.

ಇನ್ನೊಂದು ಲೆಕ್ಕ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 3–4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ್ದೂ ಸೇರಿ. ನಿಮ್ಮ ಮನೆಯವರು ಸಕಲೇಶಪುರದಿಂದ ಬರುವುದು ರಾತ್ರಿ ಎಷ್ಟು ಹೊತ್ತಿಗೆ? ಮಗು ಅಪ್ಪನಿಗೆ ಕಾದುಕೊಂಡು ಹತ್ತು ಗಂಟೆಗೆ ಮಲಗಿ, ವ್ಯಾನಿಗೆ ಅಂತ ಏಳಕ್ಕೆ ಎದ್ದರೆ ಒಂಬತ್ತೇ ಗಂಟೆ ಆಯಿತು. ಉಳಿದಿದ್ದು ಮಧ್ಯಾಹ್ನವೇ ಬರಬೇಕು. ಶಾಲೆಯಲ್ಲಿ ಮಲಗಿಸದಿದ್ದರೆ ರಾತ್ರಿ ಎಂಟಕ್ಕೆಲ್ಲ ದೀಪ ಆರಿಸಬೇಕು. ನಿಮ್ಮ ಮನೆಯಲ್ಲಿ ಅದು ಆಗುತ್ತದಾ ಅಂತ ನೀವೇ ನೋಡಿ.

ಬಚ್ಚಲು ಮನೆ ನೋಡುವುದನ್ನು ಮರೆಯಬೇಡಿ. ಆಯಾ ಎಷ್ಟು ಜನ ಅಂತ ಕೇಳಿ. ಮೂರು ಗಂಟೆ ಶಾಲೆಗೆ ಒಬ್ಬ ಆಯಾ ಹೇಗೋ ಸಾಕಾಗುತ್ತಾಳೆ, ಊಟ, ಕೈ ತೊಳೆಸೋದು, ಚಡ್ಡಿ ಬದಲಾಯಿಸೋದು ಎಲ್ಲ ಸೇರಿದರೆ ಆಗಲ್ಲ. ಎಷ್ಟೋ ಮಕ್ಕಳು ಸಂಜೆವರೆಗೂ ತಡೆದುಕೊಂಡು ಕೂರುತ್ತಾರೆ, ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ.

ಎರಡನೇ ಮಗು:

ನಮ್ಮಕ್ಕ ಅಮೆರಿಕದಲ್ಲಿದ್ದಾಳೆ, ಅಲ್ಲೂ ಈ ಹಾಫ್ ಡೇ, ಫುಲ್ ಡೇ ಜಗಳ ಹಳೆಯದು. ಅಲ್ಲಿ ಎಷ್ಟೋ ಕಡೆ ಒಬ್ಬರೇ ಟೀಚರ್ ಬೆಳಿಗ್ಗೆ ಒಂದು ಬ್ಯಾಚು, ಮಧ್ಯಾಹ್ನ ಒಂದು ಬ್ಯಾಚು ಅಂತ ಮಾಡುತ್ತಿದ್ದರಂತೆ. 2010ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಪೂರ್ತಿ ದಿನ ಹೋದ ಮಕ್ಕಳು ವರ್ಷದ ಕೊನೆಗೆ ಓದು, ಲೆಕ್ಕದಲ್ಲಿ ಸ್ವಲ್ಪ ಮುಂದೆ ಇದ್ದರು, ಆದರೆ ಮೂರನೇ ಕ್ಲಾಸಿನ ಹೊತ್ತಿಗೆ ಆ ವ್ಯತ್ಯಾಸ ಕರಗಿ ಹೋಗಿತ್ತು. ಇನ್ನೂ ಒಂದು ವಿಷಯ ಇದೆ, ಇದನ್ನು ಶಾಲೆಯವರು ಹೇಳುವುದೇ ಇಲ್ಲ. ಅಲ್ಲಿ ಕಿಂಡರ್‌ಗಾರ್ಟನ್ ಅಂದರೆ 5 ವರ್ಷದ ಮಕ್ಕಳು, ಅಂದರೆ ನಮ್ಮ ಯುಕೆಜಿ ವಯಸ್ಸು. ಆ ಲೆಕ್ಕವನ್ನು ಇನ್ನೂ ನಾಲ್ಕು ತುಂಬದ ಮಗುವಿಗೆ ತಂದು ಹಚ್ಚಿದರೆ ಹೇಗೆ?

ನಮ್ಮ ದೊಡ್ಡವಳು ಅರ್ಧ ದಿನ, ಚಿಕ್ಕವನು ಪೂರ್ತಿ ದಿನ ಹೋದವರು. ಈಗ ಇಬ್ಬರೂ ಮಗ್ಗಿ ಹೇಳೋ ಅಂದರೆ ಒಂದೇ ಥರ ಓಡಿ ಹೋಗುತ್ತಾರೆ.

ಆಲೂರು ಸೊಸೆ:

ಅಂಗನವಾಡಿ ಯಾರ ಲೆಕ್ಕಕ್ಕೂ ಬರಲಿಲ್ಲವಲ್ಲ! ನಮ್ಮಮ್ಮ ಅಂಗನವಾಡಿ ಕಾರ್ಯಕರ್ತೆ ಆಗಿದ್ದವರು. 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ ಈ ಯೋಜನೆ ಶುರು ಮಾಡಿದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ಟಿ. ನರಸೀಪುರಕ್ಕೆ, ಅಮ್ಮ ಈಗಲೂ ಇದನ್ನು ಹೇಳಿಕೊಂಡು ಬೀಗುತ್ತಾರೆ. ನನ್ನ ಮಗ ಎರಡು ವರ್ಷ ಅಲ್ಲೇ ಇದ್ದ. ಬಿಸಿ ಊಟ, ಮೊಟ್ಟೆ, ಹಾಲು. ಊಟ ಆದಮೇಲೆ ಎಲ್ಲಾ ಮಕ್ಕಳೂ ಸಾಲಾಗಿ ಚಾಪೆ ಮೇಲೆ. ಚಾಕ್‌ಪೀಸ್ ಮೇಡಂ ಹೇಳಿದ್ದು ಅಲ್ಲಿ ಬಿಟ್ಟಿ ಸಿಗುತ್ತದೆ. ಇಂಗ್ಲಿಷ್ ಇಲ್ಲ ಅಂತ ಎಲ್ಲರೂ ಮೂಗು ಮುರಿದರು, ಒಂದನೇ ಕ್ಲಾಸಿನಲ್ಲಿ ನಾಲ್ಕು ತಿಂಗಳು ಕಷ್ಟ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಸರಿಹೋಯಿತು.

ಚಿಕ್ಕಮಗಳೂರು ಅಪ್ಪ:

ಅಂಗನವಾಡಿ ಎಲ್ಲಾ ಕಡೆ ಹಾಗಿರಲ್ಲ ಮೇಡಂ. ನಮ್ಮ ಬೀದಿಯದು ಒಂದೇ ಕೋಣೆ, ಮಳೆ ಬಂದರೆ ಸೋರುತ್ತದೆ.

ಆಲೂರು ಸೊಸೆ:

ಸಾವಿರ ಸಾವಿರ ಫೀಸು ತಗೊಳ್ಳುವ ಶಾಲೆಯೂ ಸೋರುತ್ತವೆ ಸಾರ್. ಹೋಗಿ ನೋಡಿ ಅಂತಲೇ ನಾನೂ ಹೇಳುತ್ತಿರುವುದು.

ಹೆಂಚಿನ ಮನೆ:

ಎಲ್ಲರೂ ಗಂಟೆ ಲೆಕ್ಕ ಹಾಕುತ್ತಿದ್ದೀರಿ, ವಯಸ್ಸಿನ ಲೆಕ್ಕ ಯಾರೂ ಹಾಕಲಿಲ್ಲ. ಜೂನ್‌ಗೆ 3 ವರ್ಷ 10 ತಿಂಗಳು ಅಂದಿರಿ. ನಮ್ಮ ರಾಜ್ಯದಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. ಈಗ ಎಲ್‌ಕೆಜಿ, ಮುಂದಿನ ವರ್ಷ ಯುಕೆಜಿ ಅಂದರೆ ಒಂದನೇ ಕ್ಲಾಸಿನ ಹೊತ್ತಿಗೆ ಅವಳಿಗೆ 5 ವರ್ಷ 10 ತಿಂಗಳು. ಎರಡು ತಿಂಗಳು ಕಮ್ಮಿ! ನಮ್ಮ ತಮ್ಮನ ಮಗನಿಗೆ ಇದೇ ಆಗಿದ್ದು. ಸೇರಿಸಿಕೊಳ್ಳುವಾಗ "ಆಮೇಲೆ ಅಡ್ಜಸ್ಟ್ ಮಾಡೋಣ ಸಾರ್" ಅಂದ ಶಾಲೆಯವರೇ ಆಮೇಲೆ ಇನ್ನೊಂದು ವರ್ಷ ಯುಕೆಜಿ ಮಾಡಿಸಿ ಅಂದರು. ಜೊತೆಯ ಮಕ್ಕಳೆಲ್ಲ ಒಂದನೇ ಕ್ಲಾಸಿಗೆ ಹೋದರು, ಇವನು ಅದೇ ರೂಮು, ಅದೇ ಪುಸ್ತಕ. ಫೀಸು ಮಾತ್ರ ಹೊಸದು. 2025ರಲ್ಲಿ ಪೋಷಕರು ಗಲಾಟೆ ಮಾಡಿದ ಮೇಲೆ ಆ ವರ್ಷಕ್ಕೆ 5 ವರ್ಷ 5 ತಿಂಗಳಿಗೆ ಇಳಿಸಿದರು ನಿಜ. ಪ್ರತಿ ಸಲ ಇಳಿಸುತ್ತಾರೆ ಅಂತ ನಂಬಿಕೊಂಡು ಕೂರೋಕಾಗಲ್ಲ.

ನನ್ನ ಕೇಳಿದರೆ ಈ ವರ್ಷ ನರ್ಸರಿಗೆ ಹಾಕಿ, ಅದೂ ಹತ್ತಿರದ ಶಾಲೆಗೆ, ಅರ್ಧ ದಿನ. ಎಲ್‌ಕೆಜಿ ಬರುವ ವರ್ಷ.

ಸಾಲಗಾಮೆ ರೋಡ್ ಅಮ್ಮ:

ಅಯ್ಯೋ ಈ ಲೆಕ್ಕ ನಾವು ಹಾಕಿಯೇ ಇರಲಿಲ್ಲ. ಎರಡೂ ಶಾಲೆಯಲ್ಲಿ ಬರ್ತ್ ಸರ್ಟಿಫಿಕೇಟು ನೋಡಿದರು, ಒಬ್ಬರೂ ಇದನ್ನು ಹೇಳಲಿಲ್ಲ.

ಚಾಕ್‌ಪೀಸ್ ಮೇಡಂ, ಇವರು ಬರುವುದು ಎಂಟೂಮುಕ್ಕಾಲಿಗೆ, ಇವಳು ಅಪ್ಪನ ಜೊತೆ ಹತ್ತು ನಿಮಿಷ ಕುದುರೆ ಆಟ ಆಡದೆ ಮಲಗುವುದೇ ಇಲ್ಲ. ಹತ್ತು ಗಂಟೆ ಅಂತ ಸರಿಯಾಗಿಯೇ ಹೇಳಿದಿರಿ, ನಮ್ಮ ಮನೆ ನೋಡಿದ ಹಾಗೆ.

ಎರಡನೇ ಮಗು:

ಒಂದು ಕೇಳಬೇಕಿತ್ತು, ನಿಮ್ಮ ಆಫೀಸಿನಲ್ಲಿ ಕ್ರೆಶ್ ಇಲ್ವಾ? 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರಲ್ಲೇ ಕಾನೂನು ಬಂದಿದೆ, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು.

ಸಾಲಗಾಮೆ ರೋಡ್ ಅಮ್ಮ:

ನಮ್ಮ ಸಂಘದಲ್ಲಿ ಇರುವುದೇ ಏಳು ಜನ, ಸೆಕ್ರೆಟರಿ ಸೇರಿ 😄

ಸಾಲಗಾಮೆ ರೋಡ್ ಅಮ್ಮ (ಆರು ದಿನದ ನಂತರ):

ಬುಧವಾರ ಅರ್ಧ ದಿನ ರಜೆ ಹಾಕಿ ಎರಡು ಗಂಟೆಗೆ ಪೂರ್ತಿ ದಿನದ ಶಾಲೆಗೆ ಹೋಗಿದ್ದೆ. ಗೇಟಿನಲ್ಲಿ "ಈಗ ಬೇಡ, ನಾಳೆ ಹನ್ನೊಂದಕ್ಕೆ ಬನ್ನಿ" ಅಂದರು. ಮೇಡಂ ಮಾತು ನೆನಪಾಗಿ ನಗು ಬಂತು. ಫೀಸು ಕಟ್ಟೋಕೆ ಬಂದಿದ್ದೇನೆ ಅಂದೆ, ಬಿಟ್ಟರು. ಕಿಟಕಿಯಿಂದ ನೋಡಿದೆ, 34 ಮಕ್ಕಳು, ನಾನೇ ಎಣಿಸಿದೆ. ಹತ್ತು ಹನ್ನೆರಡು ಮಕ್ಕಳು ಬ್ಯಾಗಿನ ಮೇಲೆ ತಲೆ ಇಟ್ಟಿದ್ದರು. ಮಿಸ್ಸು ಪಾಪ ಚಿಕ್ಕ ಹುಡುಗಿ, ಒಬ್ಬೊಬ್ಬರ ಕೈ ಹಿಡಿದು ತಿದ್ದಿಸುತ್ತಿದ್ದಳು. ಕೆಟ್ಟ ಶಾಲೆ ಅಂತ ಹೇಳುತ್ತಿಲ್ಲ. ಬೆಳಿಗ್ಗೆ ಚೆನ್ನಾಗಿಯೇ ಇತ್ತು.

ಹತ್ತಿರದ ಶಾಲೆಯಲ್ಲಿ ನರ್ಸರಿಗೆ ಸೇರಿಸಿ ಬಂದೆ. ಈ ವರ್ಷ ಮಧ್ಯಾಹ್ನದ ನಿದ್ದೆ ಮನೆಯಲ್ಲೇ ಆಗಲಿ, ಎರಡು ವರ್ಷ ಆದಮೇಲೆ ಪೂರ್ತಿ ದಿನ ನೋಡೋಣ. ಮೊಬೈಲಿನ ಸಮಸ್ಯೆ ಹಾಗೇ ಇದೆ ಅಂತ ಗೊತ್ತು, ಚಿಕ್ಕಮಗಳೂರು ಅಪ್ಪ ಅವರೇ, ನಿಮ್ಮ ಮಾತು ಸುಳ್ಳಲ್ಲ. ಆದರೆ ನಾಲ್ಕೂಕಾಲಕ್ಕೆ ಬಂದರೂ ಆರರವರೆಗೆ ಅದೇ ಟಿವಿ ಮುಂದೆಯೇ ತಾನೇ ಇರುತ್ತಿದ್ದಳು. ಮೂರೂವರೆಯಿಂದ ಐದೂವರೆವರೆಗೆ ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿ ಬಂದು ಆಡಿಸುತ್ತೇನೆ ಅಂದಿದ್ದಾಳೆ. ಅವಳಿಗೆ ಕೊಡುವುದು ವ್ಯಾನಿನ ದುಡ್ಡಿಗಿಂತ ಕಮ್ಮಿ.

ಈಗ ಉಳಿದಿರುವುದು ಹನ್ನೆರಡೂವರೆಗೆ ಕರೆದುಕೊಂಡು ಬರುವುದು. ಅತ್ತೆ ನಾನೇ ಹೋಗುತ್ತೇನೆ ಅನ್ನುತ್ತಾರೆ. ಆದರೆ ಮಳೆಗಾಲ, ಮಂಡಿ, ಮಧ್ಯೆ ಒಂದು ಏರು ಬೇರೆ.

ಚಾಕ್‌ಪೀಸ್:

ಆ ಶಾಲೆಯ ಗೇಟಿಗೆ ದಿನಾ ಬರುವ ಆಟೋದವರು ಇರುತ್ತಾರೆ, ಆಯಾಗೆ ಕೇಳಿ, ಯಾರನ್ನು ನಂಬಬಹುದು ಅಂತ ಅವಳಿಗೆ ಗೊತ್ತಿರುತ್ತದೆ. ಮೊದಲ ಹದಿನೈದು ದಿನ ಅತ್ತೆಯವರನ್ನೂ ಅದೇ ಆಟೋದಲ್ಲಿ ಕಳಿಸಿ. ಮಗುವಿಗೂ ಧೈರ್ಯ, ಅವರಿಗೂ ಆಟೋದವನ ಗುರುತಾಗುತ್ತದೆ.