1 ಸಮುವೇಲ 8: ಹಿರಿಯರು ಹೇಳಿದ್ದು ನಿಜಾನೇ ಅಲ್ವಾ, ಮತ್ತೆ ತಪ್ಪೇನು?

ಹಿಂದಿನ_ಬೆಂಚು:
ಎಲ್ರಿಗೂ ನಮಸ್ಕಾರ. ನಮ್ಮ ಬುಧವಾರದ ಬೈಬಲ್ ಸ್ಟಡಿಲಿ 1 ಸಮುವೇಲ ನಡೀತಿದೆ, 8ನೇ ಅಧ್ಯಾಯಕ್ಕೆ ಬಂದು ಸಿಕ್ಕಾಕೊಂಡಿದೀನಿ. ಇಸ್ರಾಯೇಲ್ಯರ ಪ್ರವಾದಿ, ಅವ್ರನ್ನ ನಡೆಸ್ತಿದ್ದ ನ್ಯಾಯಸ್ಥಾಪಕ ಸಮುವೇಲನಿಗೆ ವಯಸ್ಸಾಯ್ತು, ಮಕ್ಕಳು ಯೋವೇಲ, ಅಬೀಯ ಇಬ್ರನ್ನೂ ಬೇರ್ಷೆಬದಲ್ಲಿ ನ್ಯಾಯ ತೀರಿಸೋಕೆ ಕೂರಿಸಿದ, ಅವ್ರು ಲಂಚ ತಿಂದು ನ್ಯಾಯ ಕೆಡಿಸಿದ್ರು. ಆಗ ಜನರ ಹಿರಿಯರೆಲ್ಲ ಸಮುವೇಲನ ಊರು ರಾಮಾಕ್ಕೆ ಬಂದು ನಿನಗೆ ವಯಸ್ಸಾಯ್ತು, ನಿನ್ನ ಮಕ್ಕಳು ನಿನ್ನ ದಾರಿ ಹಿಡಿದಿಲ್ಲ, ನಮಗೊಬ್ಬ ಅರಸನ್ನ ಕೊಡು ಅಂದ್ರು. ಇದ್ರಲ್ಲಿ ಸುಳ್ಳೇನಿದೆ? ಆದ್ರೂ ದೇವರು ಇವರು ತಳ್ಳಿದ್ದು ನಿನ್ನನ್ನಲ್ಲ ನನ್ನನ್ನ ಅಂತಾರೆ. ಅನ್ಯಾಯ ನಡೀತಿದೆ ಅಂತ ಬಾಯಿಬಿಟ್ಟೋರು ದೇವರಿಗೆ ವಿರೋಧಿಗಳಾ? ಇನ್ನೊಂದು, ಸಮುವೇಲನ್ನ ಬೆಳೆಸಿದ ಯಾಜಕ ಏಲಿಯ ಕೆಟ್ಟ ಮಕ್ಕಳು ಹೊಫ್ನಿ ಫೀನೆಹಾಸ ಒಂದೇ ದಿನ ಸತ್ರು, ಸಮುವೇಲನ ಮಕ್ಕಳಿಗೆ ಏನೂ ಆದಂಗೇ ಇಲ್ವಲ್ಲ?

ಸುಮ್ನೆ ಕೇಳ್ತಿಲ್ಲ. ನಮ್ಮಪ್ಪನಿಗೆ 76, ಸಭೆಯ ಲೆಕ್ಕ 22 ವರ್ಷ ನೋಡ್ಕೊಂಡೋರು. ಹೋದ್ವರ್ಷ ಹೊಸ ಕಮಿಟಿ ಬಂತು, ನಿಮಗೂ ವಯಸ್ಸಾಯ್ತಲ್ಲ ಅಂಕಲ್ ರೆಸ್ಟ್ ತಗೊಳ್ಳಿ ಅಂತ ಬೀರುವಿನ ಕೀಲಿ ಇಸ್ಕೊಂಡ್ರು. ಅದು ಪರವಾಗಿಲ್ಲ. ಆಮೇಲೆ ಅಂಗಡಿ ಬಾಡಿಗೆ ದುಡ್ಡಿನ ಲೆಕ್ಕ ಎಲ್ಲಪ್ಪಾ ಅಂತ ಅಪ್ಪ ಕೇಳಿದ್ರೆ ದೇವರ ಮೇಲೆ ಭರವಸೆ ಇಡಿ ಅಂಕಲ್ ಅಂತಾರೆ. ಈಗ ಅಪ್ಪ ಕೊನೇ ಬೆಂಚಲ್ಲಿ ಕೂತು ಹಾಡೋದೂ ಬಿಟ್ಟಿದಾರೆ.

ಎಣ್ಣೆದೀಪ:
ಬ್ರದರ್ ಅಧಿಕಾರ ಕೊಡೋನೂ ದೇವರೇ ತೆಗೆಯೋನೂ ದೇವರೇ. ತಂದೆಯವರಿಗಾಗಿ ಪ್ರಾರ್ಥಿಸ್ತೀನಿ. ಲೆಕ್ಕಪಕ್ಕ ಅಂತ ಕೂತ್ರೆ ಮನಸ್ಸು ಕಹಿಯಾಗುತ್ತೆ ಅಷ್ಟೇ.

ಗಿರಮಿಟ್_ಪ್ರೇಮಿ:
ಎಣ್ಣೆದೀಪ ಅವರ, ಸಿಟ್ಟಾಗಬ್ಯಾಡ್ರಿ, ಆದ್ರ ಈ ಮಾತು ಹೇಳೇನ ಆ ಮನಷ್ಯಾನ ಬಾಯಿ ಮುಚ್ಚಿಸ್ಯಾರ, ನೀವು ಮತ್ತ ಅದನ್ನ ಹೇಳಾಕತ್ತೀರಿ.

ತಮ್ಮಾ, ಹಿರ್ಯಾರ ದೂರು ಖರೇನ ಐತಿ, ದೇವರೂ ಅದನ್ನ ಸುಳ್ಳು ಅಂದಿಲ್ಲ, ಜನರ ಮಾತು ಕೇಳು ಅಂತ ಸಮುವೇಲಗ 7, 9, 22 ಮೂರು ವಚನದಾಗ ಹೇಳ್ತಾರ. ಎಡವಟ್ಟಾಗಿದ್ದು ಅವರು ಬೇಡಿದ್ದರಾಗ. ಲಂಚ ತಿಂದ ಇಬ್ಬರನ್ನ ತಗೀರಿ ಅಂತ ಕೇಳ್ಲಿಲ್ಲ, ಬ್ಯಾರೆ ಜನಾಂಗದವರಿಗೆ ಇದ್ದಂಗ ನಮಗೂ ಅರಸ ಬೇಕು, ಅವ ನಮ್ಮ ಮುಂದ ಹೋಗಿ ಯುದ್ಧ ಮಾಡಬೇಕು ಅಂದ್ರು. ಹಿಂದಿನ ಅಧ್ಯಾಯದಾಗ ಮಿಚ್ಪೆದಾಗ ಗುಡುಗಿನ ಸಪ್ಪಳಕ್ಕ ಫಿಲಿಷ್ಟಿಯರು ದಿಕ್ಕಾಪಾಲಾಗಿ ಓಡಿದ್ದು, ದೇವರ ಸಹಾಯದ ನೆನಪಿಗೆ ಎಬೆನೆಜೆರ್ ಕಲ್ಲು ನಿಲ್ಲಿಸಿದ್ದು ಅಷ್ಟರಾಗ ಮರತಬಿಟ್ರು.

ಹೀಬ್ರೂದಾಗ ಓದಿದ್ರ ಇನ್ನೊಂದು ಮಜಾ ಐತ್ರಿ. ಲಾಕಖ್ ಅಂದ್ರ ತಗೊಳ್ಳೂದು. ಮಕ್ಕಳು ಲಂಚ ತಗೊಂಡ್ರು ಅನ್ನೂದಕ್ಕ ಅದ ಶಬ್ದ. ಮುಂದ ಅರಸ ಏನು ಮಾಡ್ತಾನ ಅಂತ ಸಮುವೇಲ ಎಚ್ಚರ ಕೊಡ್ತಾನಲ್ಲ, ಗಂಡುಮಕ್ಕಳನ್ನ ತಗೋತಾನ, ಹೆಣ್ಣುಮಕ್ಕಳನ್ನ ತಗೋತಾನ, ಹೊಲ ದ್ರಾಕ್ಷಿತೋಟ ತಗೋತಾನ, ಆಳು ಕತ್ತೆ ತಗೋತಾನ, ಅಲ್ಲಿ ನಾಕೂ ಸಲ ಅದ ಶಬ್ದ. ಅಂದ್ರ ಸಣ್ಣ ಲಂಚಕ್ಕ ಹೆದರಿ ದೊಡ್ಡದಾಗಿ ತಗೊಳ್ಳಾವನ್ನ ತಾವ ಕರಕೊಂಡು ಬಂದ್ರು. ಮುಂದ ಅರಸ ಅಹಾಬನ ಕಾಲಕ್ಕ ನಾಬೋತನ್ನ ಕೊಲ್ಲಿಸಿ ಅವನ ದ್ರಾಕ್ಷಿತೋಟ ತಗೊಂಡಿದ್ದು ನಿಮಗ ಗೊತ್ತ ಐತಿ.

ಮೈಸೂರಕ್ಕ:
ಗಿರಮಿಟ್ ಅಣ್ಣ ಹೇಳಿದ್ದು ಸರಿ, ಆದ್ರೆ ಸಮುವೇಲನ್ನ ಪೂರ್ತಿ ಬಿಟ್ಟುಬಿಟ್ರಲ್ಲ, ನಂಗೆ ಅವನ ಮೇಲೇ ಸ್ವಲ್ಪ ಕೋಪ. ನ್ಯಾಯಸ್ಥಾಪಕನ ಕೆಲಸ ಅಪ್ಪನಿಂದ ಮಗನಿಗೆ ಬರೋ ಆಸ್ತಿ ಅಲ್ಲ. ಹಿಂದಿನ ನ್ಯಾಯಸ್ಥಾಪಕ ಗಿದ್ಯೋನ ನಾನೂ ಆಳಲ್ಲ ನನ್ನ ಮಗನೂ ಆಳಲ್ಲ ಅಂದಿದ್ದ. ಮೋಶೆಗೆ ಗೇರ್ಷೋಮ ಎಲೀಯೆಜೆರ ಅಂತ ಇಬ್ರು ಮಕ್ಕಳಿದ್ರೂ ಅರಣ್ಯಕಾಂಡ 27ರಲ್ಲಿ ಈ ಜನ ಕುರುಬನಿಲ್ಲದ ಕುರಿಗಳ ಹಾಗಾಗಬಾರ್ದು, ನೀನೇ ಒಬ್ಬನ್ನ ನೇಮಿಸು ಅಂತ ದೇವರನ್ನ ಕೇಳ್ಕೋತಾನೆ, ಯೆಹೋಶುವ ಬರ್ತಾನೆ. ಸಮುವೇಲ ಹಾಗೆ ಕೇಳಿದ ಅಂತ ಎಲ್ಲೂ ಬರೆದಿಲ್ಲ, ತಾನೇ ಮಕ್ಕಳನ್ನ ಕೂರಿಸಿದ. ಅದೂ ಎಲ್ಲಿ, ತಾನು ಸುತ್ತೋ ಬೇತೇಲ್ ಗಿಲ್ಗಾಲ್ ಮಿಚ್ಪೆಲಿ ಅಲ್ಲ, ದಕ್ಷಿಣದ ತುದೀಲಿರೋ ಬೇರ್ಷೆಬದಲ್ಲಿ, ಅಪ್ಪನ ಕಣ್ಣಿಗೇ ಬೀಳದ ಜಾಗ. ಚಿಕ್ಕ ಹುಡುಗ ಇದ್ದಾಗ ನಿನ್ನ ಮಕ್ಕಳನ್ನ ನೀನು ತಡೀಲಿಲ್ಲ ಅನ್ನೋ ತೀರ್ಪನ್ನ ಏಲಿಗೆ ಹೇಳಿದ ಬಾಯಿ ಇವನದೇ ಅಲ್ವಾ. ವಯಸ್ಸಾದ್ಮೇಲೆ ನಮ್ಮ ಮಕ್ಕಳ ವಿಷಯದಲ್ಲಿ ನಾವೆಲ್ಲ ಕುರುಡ್ರೇ ಬಿಡಿ, ನನ್ನನ್ನೂ ಸೇರಿಸಿ.

ಹಿಂದಿನ_ಬೆಂಚು:
ಅಕ್ಕಾ ಈ ದಿಕ್ಕಲ್ಲಿ ನಾನು ಯೋಚ್ನೆ ಮಾಡೇ ಇರ್ಲಿಲ್ಲ. ಆದ್ರೆ ಅಪ್ಪನಿಗೆ ಏನು ಹೇಳ್ಲಿ? ಅವ್ರು ಯಾರನ್ನೂ ಕೂರಿಸಿದೋರಲ್ಲ, ಬರೀ ಲೆಕ್ಕ ಕೇಳಿದೋರು.

ಗಿರಮಿಟ್_ಪ್ರೇಮಿ:
ಹಂಗಾದ್ರ 12ನೇ ಅಧ್ಯಾಯ ಓದಿ ಹೇಳ್ರಿ. ಸೌಲ ಅರಸ ಆಗ್ಯಾನ, ಸಮುವೇಲ ಎಲ್ಲಾರ ಮುಂದ ನಿಂತು ನನ್ನ ತಲಿ ನರೆತೈತಿ, ಯಾರ ಎತ್ತು ತಗೊಂಡೀನಿ, ಯಾರ ಕತ್ತೆ ತಗೊಂಡೀನಿ, ಯಾರ ಕೈಯಾಗಿಂದ ಲಂಚ ತಗೊಂಡು ಕಣ್ಣು ಮುಚ್ಚೀನಿ ಹೇಳ್ರಿ, ತಿರುಗಿ ಕೊಡ್ತೀನಿ ಅಂತಾನ. ಇಲ್ಲೂ ಅದ ಲಾಕಖ್. ಜನ ನೀ ಯಾರ ಕಡೆಯಿಂದೂ ಏನೂ ತಗೊಂಡಿಲ್ಲ ಅಂತಾರ. ಅಧಿಕಾರ ಬಿಡುವಾಗ ಲೆಕ್ಕ ಒಪ್ಪಿಸೂದು ಅಂದ್ರ ಇದು, ಭರವಸಾ ಇದ್ದಾವಗ ಲೆಕ್ಕದ ಅಂಜಿಕಿ ಇರಂಗಿಲ್ಲ. ಅದಾದಮ್ಯಾಲೂ ತನ್ನನ್ನ ಬಿಟ್ಟ ಜನಕ್ಕ ನಿಮ್ಮ ಸಲುವಾಗಿ ಪ್ರಾರ್ಥನಾ ಬಿಟ್ರ ಅದು ನಾ ಯೆಹೋವಗ ಮಾಡೂ ಪಾಪ ಅಂತಾನ. ಈ ಸಾಲಿಗೆ ನಾ ಪ್ರತಿಸಲ ನಿಂತಬಿಡ್ತೀನಿ.

ಮತ್ತ ಅವನ ಕೆಲಸ ಅಲ್ಲಿಗೆ ಮುಗೀಲಿಲ್ಲ. ದೇವರು ಕೈಬಿಟ್ಟ ಸೌಲಗ ಅಳಕೋತ ಕೂತಾವನ್ನ ಎಬ್ಬಿಸಿ, ಹೊಸ ಅರಸಗ ಅಭಿಷೇಕ ಮಾಡಾಕ ಕೊಂಬಿನಾಗ ಎಣ್ಣಿ ತುಂಬ್ಕೊಂಡು ಬೇತ್ಲೆಹೇಮಿಗೆ ಹೋಗು ಅಂತಾರ ದೇವರು. ಸೌಲಗ ಗೊತ್ತಾದ್ರ ಕೊಲ್ತಾನ ಅಂತ ಮುದುಕ ಹೆದರ್ತಾನ, ಅಲ್ಲಿ ಹೋದಮ್ಯಾಲೂ ದಾವೀದನ ಅಣ್ಣ ಎಲೀಯಾಬನ ಎತ್ತರ ನೋಡಿ ಇವನ ಅಭಿಷಿಕ್ತ ಅಂತ ತಪ್ಪು ತಿಳ್ಕೋತಾನ. ದಾವೀದ ಪಟ್ಟಕ್ಕ ಬಂದಿದ್ದನ್ನ ನೋಡಾಕ ಅವಗ ಸಿಗಲೂ ಇಲ್ಲ, 25:1ರಾಗ ಸಾಯ್ತಾನ, ಆವಾಗ ದಾವೀದ ಇನ್ನೂ ಅಡವ್ಯಾಗ ತಲಿ ಮರೆಸ್ಕೊಂಡು ಓಡಾಡಾಕತ್ತಿದ್ದ.

ಮೈಸೂರಕ್ಕ:
ಸಮುವೇಲನ ಮಕ್ಕಳ ವಿಷಯ ಯಾರೂ ಹೇಳ್ಲಿಲ್ಲ ಅಂತ ಮತ್ತೆ ಬಂದೆ. ಅವ್ರಿಗೇನಾಯ್ತು ಅಂತ ಇಲ್ಲ, ಅದು ನನಗೂ ಕಿರಿಕಿರಿನೇ, ಲಂಚ ಕೊಡೋಕಾಗದೆ ಸೋತ ಬಡವನಿಗೆ ಏನು ನ್ಯಾಯ ಸಿಕ್ತು ಅಂತ. ಆದ್ರೆ 1 ಪೂರ್ವಕಾಲವೃತ್ತಾಂತ 6:33 ತೆಗೀರಿ. ದಾವೀದ ದೇವರ ಮನೇಲಿ ಹಾಡೋಕೆ ಇಟ್ಟವರ ಪಟ್ಟಿಲಿ ಮೊದಲ ಹೆಸರು ಗಾಯಕ ಹೇಮಾನ, ಯೋವೇಲನ ಮಗ, ಸಮುವೇಲನ ಮೊಮ್ಮಗ. ಲಂಚ ತಿಂದವನ ಮನೆಯಿಂದ! 25ನೇ ಅಧ್ಯಾಯದಲ್ಲಿ ಅವನಿಗೆ 14 ಗಂಡು 3 ಹೆಣ್ಣು ಅಂತನೂ ಇದೆ. ಹೆಸರುಗಳ ಪಟ್ಟಿ ಬಂದ್ರೆ ನಾವೆಲ್ಲ ಪುಟ ಮಗುಚಿಬಿಡ್ತೀವಲ್ಲ, ಅದಕ್ಕೇ ಕಾಣಲ್ಲ.

ನಿಮ್ಮ ತಂದೆಗೆ ಕೀರ್ತನೆ 71 ಕೊಡಿ. ಮುಪ್ಪಲ್ಲಿ ನನ್ನನ್ನ ತಳ್ಳಬೇಡ, ಬಲ ಕುಂದಿದಾಗ ಕೈಬಿಡಬೇಡ ಅಂತ ಕೇಳೋನು ಅದೇ ಕೀರ್ತನೇಲಿ ನನ್ನ ಮೇಲೆ ಹೊಂಚು ಹಾಕಿರೋರಿಗೆ ನಾಚಿಕೆಯಾಗ್ಲಿ ಅಂತನೂ ಕೇಳ್ತಾನೆ. ಲೆಕ್ಕನೂ ಕೇಳ್ಲಿ, ಬಿಡೋದು ಬೇಡ, ಬಾಯಲ್ಲಲ್ಲ ಬರವಣಿಗೆಯಲ್ಲಿ ಕೇಳ್ಲಿ.

ಹಿಂದಿನ_ಬೆಂಚು:
ರಾತ್ರಿ ಊಟ ಆದ್ಮೇಲೆ ಅಪ್ಪನ ಮುಂದೆ 12ನೇ ಅಧ್ಯಾಯ ಜೋರಾಗಿ ಓದಿದೆ. ಯಾರ ಎತ್ತು ತಗೊಂಡಿದೀನಿ ಅನ್ನೋ ಕಡೆ ಕೈ ಎತ್ತಿ ನಿಲ್ಸು ಅಂದ್ರು, ಎದ್ದು ಹೋಗಿ ಹಳೇ ಲೆಕ್ಕದ ಪುಸ್ತಕದ ಜೆರಾಕ್ಸ್ ಕಟ್ಟು ತಂದಿಟ್ರು, 22 ವರ್ಷದ್ದೂ ಇದೆ, ನಮಗೆ ಯಾರಿಗೂ ಗೊತ್ತೇ ಇರ್ಲಿಲ್ಲ. ಭಾನುವಾರ ಪತ್ರ ಕೊಡ್ತಾರಂತೆ, ನನ್ನ ಕೈಲಿ ಡ್ರಾಫ್ಟ್ ಬರೆಸ್ತಿದಾರೆ. ಹೇಮಾನನ ವಿಷಯನೂ ಹೇಳ್ದೆ ಅಕ್ಕಾ. 14 ಗಂಡಾ, ಎಲ್ರೂ ಹಾಡ್ತಿದ್ರಾ, ಪಾಪ ಅಕ್ಕಪಕ್ಕದ ಮನೆಯೋರು ಅಂದ್ರು.