ಅಪ್‌ಡೇಟ್: ಡಿಸ್ಕ್ 100% ತೋರಿಸುತ್ತಿದ್ದ ಕಂಪ್ಯೂಟರ್, ಕಾರಣ ಸಿಕ್ಕಿತು

ಆನ್ ಮಾಡಿದ ಮೇಲೆ ತುಂಬಾ ಹೊತ್ತು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% (ಅಂದರೆ ಪೂರ್ತಿ ಬಿಜಿ) ಇರುತ್ತೆ, ವೈರಸ್ ಇರಬಹುದಾ ಅಂತ ಕೇಳಿದ್ದೆ. ವೈರಸ್ ಅಲ್ಲ, ಹಾರ್ಡ್ ಡಿಸ್ಕೇ ಕೆಡುತ್ತಿತ್ತು.

ಆಗ ನೀವು ಹೇಳಿದ ಹಾಗೆ, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂ ಹಾಕಿದೆ. ಹಳದಿ ಬಣ್ಣದಲ್ಲಿ 'ಕಾಷನ್' (ಎಚ್ಚರಿಕೆ) ಬಂತು. ಮುಖ್ಯವಾಗಿ ನೋಡಬೇಕಾದ್ದು ಸಿ5 (C5) ಸಾಲು: ಸರಿಯಾಗಿ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕಿನಲ್ಲಿ ಡೇಟಾ ಇರುವ ಚಿಕ್ಕ ಚಿಕ್ಕ ಭಾಗಗಳ) ಲೆಕ್ಕ. ಅಲ್ಲಿ ರಾ ವ್ಯಾಲ್ಯೂ (ಅಂಥ ಸೆಕ್ಟರ್‌ಗಳ ಎಣಿಕೆ) ಸೊನ್ನೆ ಇರಬೇಕು. ಇಂಥ ಸೆಕ್ಟರ್ ಎದುರಾದಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತೆ, ಉಳಿದ ಕೆಲಸವೆಲ್ಲ ಸಾಲಿನಲ್ಲಿ ಕಾಯುತ್ತೆ. ಅದಕ್ಕೇ ಡೇಟಾ ಸೆಕೆಂಡಿಗೆ 1 ಎಂಬಿ ಕೂಡ ಹರಿಯದಿದ್ದರೂ 100% ಕಾಣೋದು.

ಇದೇ ತೊಂದರೆ ಇರುವವರು ದಯವಿಟ್ಟು ಗಮನಿಸಿ: ಮೊದಲು ಡಿಫ್ರಾಗ್ (ಚದುರಿದ ಫೈಲುಗಳನ್ನು ಜೋಡಿಸೋದು), ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕಿ ಸರಿಪಡಿಸೋದು) ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿಗೆ ಅದು ಇನ್ನಷ್ಟು ಹೊರೆ. ಮೊದಲು ಫೋಟೊ, ದಾಖಲೆಗಳನ್ನು ಹೊರಗಿನ ಡ್ರೈವಿಗೆ ಕಾಪಿ ಮಾಡಿ. ಆಮೇಲೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡ್ರೈವ್) ಹಾಕಿ ವಿಂಡೋಸ್ ಹೊಸದಾಗಿಯೇ ಇನ್‌ಸ್ಟಾಲ್ ಮಾಡೋದು ವಾಸಿ. ಕೆಟ್ಟ ಡಿಸ್ಕನ್ನು ಇದ್ದ ಹಾಗೇ ಪೂರ್ತಿ ನಕಲು (ಕ್ಲೋನ್) ಮಾಡಿದರೆ ಹಾಳಾದ ಫೈಲುಗಳೂ ಜೊತೆಗೇ ಬರುತ್ತವೆ.

ಅವಧಿ ಮುಗಿದಿದ್ದ ಆಂಟಿವೈರಸ್ ಮತ್ತೆ ಹಾಕಲಿಲ್ಲ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು. ದಿನನಿತ್ಯಕ್ಕೆ ಅಡ್ಮಿನ್ ಅಲ್ಲದ ಬೇರೆ ಅಕೌಂಟ್ ಮಾಡಿಕೊಂಡಿದ್ದೇನೆ. ಈಗ ಆನ್ ಆದ ಸ್ವಲ್ಪ ಹೊತ್ತಿಗೇ ಡಿಸ್ಕ್ 5%ಕ್ಕಿಂತ ಕೆಳಗಿಳಿಯುತ್ತೆ.